ಎರಡನೇ ಬೇಸಿನ ಮೇಲೆ ಭತ್ತ

ನಮ್ಮ ಅಡುಗೆಮನೆಯಲ್ಲಿ ಗ್ರೈಂಡರಿನ ಅಡಿಗೆ ಒಂದು ರಬ್ಬರಿನ ಹಲಗೆ ಇದೆ. ಅದಕ್ಕೆ ಐದು ಮೂಲೆ. ಒಂದು ಕಾಲಕ್ಕೆ ಅದು ಬೆಳ್ಳಗಿತ್ತು ಎಂದರೆ ಈಗ ಯಾರೂ ನಂಬುವುದಿಲ್ಲ. ಉದ್ದಿನ ಹಿಟ್ಟು ಬಿದ್ದ ಕಡೆ ಮಾತ್ರ ಬಿಳಿ ಕಾಣುತ್ತದೆ. ನಮ್ಮ ಗ್ರೈಂಡರಿಗೆ ತಿರುಗುತ್ತ ತಿರುಗುತ್ತ ಬಾಗಿಲ ಕಡೆಗೆ ನಡೆದುಹೋಗುವ ಚಟವಿತ್ತು. ಈ ಹಲಗೆ ಇಟ್ಟ ಮೇಲೆ ನಿಂತಲ್ಲೇ ನಿಲ್ಲುತ್ತದೆ. ರಿಪೇರಿಗೆ ಬಂದವನು ಬಗ್ಗಿ ನೋಡಿ, "ಇದೆಂತದು, ಯಾವ ಗಾಡಿಯ ಪಾರ್ಟು?" ಎಂದು ಕೇಳುತ್ತಾನೆ. "ಅದು ಹೋಮ್ ಪ್ಲೇಟು" ಎನ್ನುತ್ತೇನೆ. ಅವನು ಎಲ್ಲ ತಿಳಿದವನ ಹಾಗೆ ತಲೆಯಾಡಿಸಿ ಮುಂದಿನ ಪ್ರಶ್ನೆ ಕೇಳದೆ ಹೋಗುತ್ತಾನೆ. ಹೀಗೆ ಪ್ರಶ್ನೆ ಕೇಳದೆ ಹೋಗುವವರ ಮೇಲೆ ನನಗೆ ಮೊದಲು ಬಹಳ ಗೌರವವಿತ್ತು. ಈಗ ಅಷ್ಟಿಲ್ಲ. ಯಾಕೆ ಎನ್ನುವುದು ಸ್ವಲ್ಪ ಸುತ್ತಿನ ಕಥೆ. ನೀವು ಹೇಗೂ ಕೂತಿದ್ದೀರಿ, ಹೇಳಿಬಿಡುತ್ತೇನೆ.

ಆಗ ನಾನು ಸಿದ್ದಾಪುರದ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ನಮ್ಮ ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಮುಂಬಯಿ ಸರಕಾರ ಇದ್ದಾಗ ಶಾಲೆಗೆ ಲೇಜಿಮು ಬಂದಿತ್ತು, ಮರದ ಡಂಬೆಲ್ಸು ಬಂದಿತ್ತು. ಹೊಸ ಸರಕಾರ ಏನು ಕಳಿಸುತ್ತದೆ ಎಂದು ನಾವು ಕಾಯುತ್ತಿದ್ದೆವು. ಒಂದು ದಿನ ಮಧ್ಯಾಹ್ನದ ಬಸ್ಸಿನ ಮೇಲಿಂದ ಒಂದು ಮರದ ಪೆಟ್ಟಿಗೆ ಇಳಿಯಿತು. ಒಳಗೆ ಎರಡು ಬ್ಯಾಟು, ಕಂಚಿಕಾಯಿ ಗಾತ್ರದ ಆರು ಚೆಂಡು, ನಾಲ್ಕು ಚರ್ಮದ ಗ್ಲೌಸು, ಒಂದು ಜಾಳಿಗೆಯ ಮುಖವಾಡ, ಮೂರು ಕ್ಯಾನ್ವಾಸು ಚೀಲ, ಈ ರಬ್ಬರ್ ಹಲಗೆ ಮತ್ತು ಇಂಗ್ಲಿಷಿನಲ್ಲಿ ಒಂದು ನಿಯಮಗಳ ಪುಸ್ತಕ. ಜೊತೆಗೊಂದು ಪತ್ರ: ಈ ಆಟದ ಹೆಸರು ಸಾಫ್ಟ್‌ಬಾಲ್, ಹುಡುಗಿಯರಿಗೂ ಆಡಿಸತಕ್ಕದ್ದು.

ನಮ್ಮಲ್ಲಿ ಆಟದ ಮಾಸ್ತರರ ಜಾಗ ಖಾಲಿ ಇತ್ತು. ಹೆಡ್‌ಮಾಸ್ತರರು ಹಾವೇರಿ ಕಡೆಯವರು. ಪುಸ್ತಕವನ್ನು ತಿರುವಿ ಹಾಕಿ, ಒಂದು ಚಿತ್ರದ ಮೇಲೆ ಬೆರಳಿಟ್ಟು ನನ್ನನ್ನು ಕರೆದರು.

"ಇಲ್ಲಿ ನೋಡ್ರಿ. ಚೌಕ ಐತಿ, ಮೂಲಿ ಐತಿ, ಅಡಿ ಲೆಕ್ಕ ಐತಿ. ಇದು ಆಟ ಅಲ್ರಿ, ಭೂಮಿತಿ. ನೀವ ತಗೋರ್ರಿ."

ಭೂಮಿತಿ ಎಂದ ಮೇಲೆ ನಾನು ಇಲ್ಲವೆನ್ನುವ ಹಾಗಿರಲಿಲ್ಲ. ಆ ಪುಸ್ತಕವನ್ನು ಹನ್ನೊಂದು ಸಲ ಓದಿದೆ. ಭಕ್ತಿಯಿಂದಲ್ಲ, ಹತ್ತು ಸಲ ಓದಿದರೂ ಅರ್ಥವಾಗಿರಲಿಲ್ಲ. ಹನ್ನೊಂದನೆಯ ಸಲ ತಿಳಿದದ್ದು ಇಷ್ಟು. ಅರವತ್ತು ಅಡಿಯ ಒಂದು ಚೌಕ. ಒಂದು ಮೂಲೆಯಲ್ಲಿ ಈ ಐದು ಮೂಲೆಯ ಹಲಗೆ, ಅದೇ ಮನೆ. ಉಳಿದ ಮೂರು ಮೂಲೆಗೆ ಒಂದೊಂದು ಕ್ಯಾನ್ವಾಸು ಚೀಲ, ಅವು ಬೇಸು. ತಂಡಕ್ಕೆ ಒಂಬತ್ತು ಜನ. ಚೆಂಡು ಎಸೆಯುವವಳು ಕೈಯನ್ನು ಕೆಳಗಿನಿಂದ ಬೀಸಿ ಎಸೆಯಬೇಕು, ಮೇಲಿನಿಂದ ಎಸೆಯುವಂತಿಲ್ಲ. ಬ್ಯಾಟು ಹಿಡಿದವಳು ಹೊಡೆದು, ಮೂರು ಬೇಸನ್ನೂ ಸಾಲಾಗಿ ಮುಟ್ಟಿ, ತಿರುಗಿ ಮನೆಗೆ ಬಂದರೆ ಒಂದು ಓಟ. ಮೂರು ಒಳ್ಳೆಯ ಚೆಂಡು ಬಿಟ್ಟರೆ ಔಟು; ತಾನು ಮುಟ್ಟುವ ಮೊದಲೇ ಚೆಂಡು ಬೇಸಿಗೆ ಬಂದರೂ ಔಟು. ಮೂವರು ಔಟಾದರೆ ಸರದಿ ಬದಲು. ಅಂಥ ಸರದಿ ಏಳು, ಸಮ ಬಂದರೆ ಎಂಟನೆಯದು.

ಓದುವುದು ಒಂದು, ನಮ್ಮ ಮಕ್ಕಳಿಗೆ ತಿಳಿಸುವುದು ಇನ್ನೊಂದು. ಎಸೆದ ಚೆಂಡುಗಳಲ್ಲಿ ನಾಲ್ಕು ಕೆಟ್ಟವಾದರೆ ಬ್ಯಾಟು ಹಿಡಿದವಳು ಮೊದಲನೇ ಬೇಸಿಗೆ ಆರಾಮವಾಗಿ ನಡೆದುಕೊಂಡು ಹೋಗಬಹುದು ಎಂದೆ. ದಿನಾ ಮೂರು ಮೈಲು ನಡೆದು ಶಾಲೆಗೆ ಬರುವ ಹುಡುಗಿಯರು ಮುಖ ಮುಖ ನೋಡಿಕೊಂಡರು. ನಡೆಯುವುದು ಬಹುಮಾನ, ಶಿಕ್ಷೆಯಲ್ಲ ಎಂದು ಒಪ್ಪಿಸುವುದಕ್ಕೆ ಎರಡು ದಿನ ಹಿಡಿಯಿತು. ಚೆಂಡು ಎಸೆಯುವವಳ ಕೈ ಬಿಟ್ಟ ಮೇಲೆ, ಯಾರೂ ಹೊಡೆಯದಿದ್ದರೂ, ಓಡಿಹೋಗಿ ಮುಂದಿನ ಬೇಸನ್ನು ಕದಿಯಬಹುದು ಎಂಬ ನಿಯಮ ಹೆಡ್‌ಮಾಸ್ತರರ ಕಿವಿಗೆ ಬಿತ್ತು. "ಸಾಲ್ಯಾಗ ಕಳವು ಕಲಸ್ತೀರೇನ್ರಿ?" ಎಂದರು. ಅಂದಿನಿಂದ ನಮ್ಮ ಶಾಲೆಯಲ್ಲಿ ಅದನ್ನು 'ಮುಂದೆ ಹೋಗುವುದು' ಎಂದು ಕರೆದೆವು. ಚರ್ಮದ ಗ್ಲೌಸು ಹಾಕಿಕೊಂಡವರು ಮನೆಗೆ ಹೋಗಿ ಮಿಂದೇ ಒಳಗೆ ಬರಬೇಕು ಎಂದು ಮೂರು ಮನೆಯ ಅಜ್ಜಿಯರು ಹೇಳಿ ಕಳಿಸಿದರು. ಬೆವರಿನಲ್ಲಿ ತೊಯ್ದ ಮಕ್ಕಳು ಹೇಗೂ ಮೀಯುತ್ತಿದ್ದರು. ಆ ನಿಯಮದಿಂದ ಯಾರಿಗೂ ತೊಂದರೆಯಾಗಲಿಲ್ಲ.

ಒಂದೇ ಒಂದು ನಿಯಮ ಮಾತ್ರ ಹೇಳಿದ ಕೂಡಲೇ ತಿಳಿಯಿತು. ಬೇಸಿನ ಮೇಲೆ ನಿಂತ ಗೆಳತಿ ಮುಂದೆ ಹೋಗಲಿ ಎಂದು ಬ್ಯಾಟು ಹಿಡಿದವಳು ಬೇಕೆಂದೇ ಮೆಲ್ಲಗೆ ಹೊಡೆದು ತಾನು ಔಟಾಗುವುದು. ಪುಸ್ತಕದಲ್ಲಿ ಅದಕ್ಕೆ ತ್ಯಾಗ ಎಂದೇ ಹೆಸರು. ಹುಡುಗರು "ಎಂತಕ್ಕೆ?" ಎಂದು ಕೇಳಿದ್ದರು. ಹುಡುಗಿಯರು ಏನೂ ಕೇಳಲಿಲ್ಲ. "ಮುಂದಿಂದು ಹೇಳಿ ಮಾಸ್ತರೇ" ಎಂದರು.

ಈಗ ತಾಳಮದ್ದಳೆಯ ವಿಷಯಕ್ಕೆ ಬರಬೇಕು. ಚೆಂಡಿಗೂ ಅದಕ್ಕೂ ಎತ್ತಣ ಸಂಬಂಧ ಎನ್ನಬೇಡಿ. ಸಿರಸಿ, ಸಿದ್ದಾಪುರ, ಯಲ್ಲಾಪುರದವರಾದರೆ ನಿಮಗೇ ಗೊತ್ತು. ಬೇರೆ ಕಡೆಯವರಾದರೆ ಹೇಳುತ್ತೇನೆ. ಭಾಗವತರು ಹಾಡುತ್ತಾರೆ. ಎದುರು ಬದರು ಕೂತವರು, ವೇಷವಿಲ್ಲದೆ, ಒಬ್ಬರು ರಾಜನಾಗಿ ಒಬ್ಬರು ದೂತನಾಗಿ ವಾದಿಸುತ್ತಾರೆ. ಗೆಲ್ಲುವುದು ಸೋಲುವುದು ಕಥೆಯಲ್ಲಿ ಮೊದಲೇ ತೀರ್ಮಾನವಾಗಿರುತ್ತದೆ. ಆದರೂ ಸೋಲಬೇಕಾದವನು ಸುಲಭಕ್ಕೆ ಸೋಲುವುದಿಲ್ಲ. ಎದುರಿನವನ ಒಂದೊಂದು ಮಾತನ್ನೂ ಹಿಡಿದು ಜಗ್ಗುತ್ತಾನೆ. ಇದನ್ನು ಕೇಳುತ್ತ ಬೆಳೆದ ನಮ್ಮ ಮಕ್ಕಳು ಅಂಗಡಿಯಲ್ಲಿ ಬೆಲ್ಲ ಕೊಂಡರೂ ಪೀಠಿಕೆ ಹಾಕಿಯೇ ಕೊಳ್ಳುತ್ತಾರೆ.

ಆಟ ಶುರುವಾದ ಮೊದಲ ವಾರ ಹುಡುಗರಿಗೂ ಆಡಿಸಿದ್ದೆ. ಒಂಬತ್ತನೆಯ ಇಯತ್ತೆಯ ಒಬ್ಬ ಹುಡುಗ ಮೂರನೆಯ ಒಳ್ಳೆಯ ಚೆಂಡನ್ನು ಬಿಟ್ಟ. ಔಟು ಎಂದೆ. ಅವನು ಬ್ಯಾಟನ್ನು ನೆಲಕ್ಕೆ ಒರಗಿಸಿ, ಹೆಗಲ ಮೇಲೆ ಇಲ್ಲದ ಶಾಲನ್ನು ಸರಿಪಡಿಸಿಕೊಂಡ.

"ಒಳ್ಳೆಯ ಚೆಂಡು ಅಂದ್ರಿ. ಒಳ್ಳೆಯದು ಅಂದ್ರೆ ಎಂತದು ಮಾಸ್ತರೇ? ಎಸೆದವನಿಗೆ ಒಳ್ಳೆಯದೋ, ಹೊಡೆಯುವವನಿಗೆ ಒಳ್ಳೆಯದೋ? ನನಗೆ ಒಳ್ಳೆಯದೇ ಆಗಿದ್ರೆ ನಾನು ಯಾಕೆ ಬಿಡ್ತಿದ್ದೆ?"

ಇಲ್ಲಿ ಅವನ ತಪ್ಪಿಗಿಂತ ನನ್ನ ತಪ್ಪು ದೊಡ್ಡದು. ನಾನು ಉತ್ತರ ಕೊಟ್ಟೆ. ನಾನೂ ಅದೇ ಊರಿನವನಲ್ಲವೆ? ಅವನು ನನ್ನ ಉತ್ತರದಿಂದ ಎರಡು ಪದ ಎತ್ತಿಕೊಂಡ. ನಾನು ಅವನ ಪ್ರಶ್ನೆಯಿಂದ ಒಂದು ಎತ್ತಿಕೊಂಡೆ. ಹದಿನೇಳು ಜನ ಆಟಗಾರರು ಸುತ್ತ ಕೂತು ಕೇಳಿದರು. ಗಂಟೆ ಹೊಡೆಯಿತು. ಆ ದಿನ ಒಟ್ಟು ಎಸೆದದ್ದು ಐದು ಚೆಂಡು.

ಹೀಗೆ ನಾಲ್ಕು ದಿನ ಕಳೆದ ಮೇಲೆ ಹುಡುಗರಿಗೆ ವಾಲಿಬಾಲ್ ಕೊಟ್ಟು, ಸಾಫ್ಟ್‌ಬಾಲನ್ನು ಹುಡುಗಿಯರಿಗೆ ಉಳಿಸಿದೆ. ಅವರೂ ಅದೇ ಮನೆಗಳಿಂದ ಬಂದವರು, ಅದೇ ವಾದಗಳನ್ನು ಒಳಗಿನಿಂದ ಕೇಳಿದವರು. ಮೊದಲೇ ಕಟ್ಟು ಹಾಕಬೇಕೆಂದು ನಿಯಮಗಳನ್ನು ಕನ್ನಡದಲ್ಲಿ ಬರೆದು ನೋಟ್‌ಬುಕ್ಕಿನಲ್ಲಿ ಬರೆಸಿದೆ. ಒಂದನೆಯ ನಿಯಮ: ಅಂಪೈರರು ಹೇಳಿದ್ದೇ ಕೊನೆ, ಅವರನ್ನು ಏನನ್ನೂ ಕೇಳಬಾರದು. ಎರಡನೆಯ ನಿಯಮ: ಆಟ ಮುಗಿಯಿತು ಎಂದು ಅಂಪೈರರು ಹೇಳುವ ತನಕ ಯಾರೂ ಜಾಗ ಬಿಡಬಾರದು. ಇವೆರಡೂ ಈ ರೂಪದಲ್ಲಿ ಪುಸ್ತಕದಲ್ಲಿ ಇರಲಿಲ್ಲ. ಇವು ಸಿದ್ದಾಪುರ ತಾಲೂಕಿಗಾಗಿ ನಾನು ಮಾಡಿದವು.

ಪುಸ್ತಕದಲ್ಲಿದ್ದು ನಾನು ಬರೆಸದೆ ಬಿಟ್ಟದ್ದೂ ಒಂದಿತ್ತು. ಓಡುವವಳು ನಡುವಿನ ಒಂದು ಬೇಸನ್ನು ಮುಟ್ಟದೆ ಹಾದುಹೋದರೆ ಅವಳು ಔಟು. ಆದರೆ ಅಂಪೈರು ಕಣ್ಣಾರೆ ಕಂಡರೂ ತಾನಾಗಿ ಹೇಳುವಂತಿಲ್ಲ. ಎದುರು ತಂಡದವರು ಚೆಂಡು ಕೈಯಲ್ಲಿಟ್ಟುಕೊಂಡು ಅವನನ್ನು ಕೇಳಬೇಕು. ಮುಂದಿನ ಚೆಂಡು ಎಸೆಯುವ ಮೊದಲೇ ಕೇಳಬೇಕು; ಆಟವೇ ಮುಗಿದಿದ್ದರೆ ಮೈದಾನ ಬಿಡುವ ಮೊದಲು ಕೇಳಬೇಕು. ಕೇಳಿದರೆ ಔಟು, ಕೇಳದಿದ್ದರೆ ಮುಟ್ಟಿದ ಹಾಗೆಯೇ ಲೆಕ್ಕ. ಇದಕ್ಕೆ ಅಪೀಲು ಎನ್ನುತ್ತಾರೆ. ಕೇಳುವ ಹಕ್ಕೊಂದಿದೆ ಎಂದು ನಮ್ಮವರಿಗೆ ತಿಳಿದರೆ ಏನಾಗುತ್ತದೆಂದು ನಾನು ಆಗಷ್ಟೇ ನೋಡಿದ್ದೆ. ಹಾಗಾಗಿ ಆ ಪುಟ ಬಂದಾಗ ಎರಡು ಪುಟ ಒಟ್ಟಿಗೆ ತಿರುವಿದೆ. ಒಂದು ಹಂತ ಬಿಟ್ಟರೆ ಲೆಕ್ಕ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಮಕ್ಕಳನ್ನು ಬೈದೇ ಬದುಕಿದವನು ನಾನು.

ನಮ್ಮ ತಂಡದಲ್ಲಿ ಚೆಂಡು ಎಸೆಯುತ್ತಿದ್ದವಳು ಗಂಗೆ. ಗದ್ದೆ ಕೆಲಸದ ಮನೆಯ ಹುಡುಗಿ, ಹತ್ತನೆಯ ಇಯತ್ತೆ. ಕೈ ಕೆಳಗಿನಿಂದ ಬೀಸಿ ಎಸೆಯುವುದನ್ನು ಉಳಿದವರಿಗೆ ತಿಂಗಳುಗಟ್ಟಲೆ ಕಲಿಸಿದೆ. ಅವಳಿಗೆ ಕಲಿಸಬೇಕಾಗಲಿಲ್ಲ. ನಾಟಿಯ ಕಾಲದಲ್ಲಿ ಗದ್ದೆಯ ಹಾಳಿಯ, ಅಂದರೆ ಬದುವಿನ, ಮೇಲೆ ನಿಂತು, ಕೆಸರಿನಲ್ಲಿ ಬಗ್ಗಿ ನೆಡುವವರ ಕೈಗೆ ಸಿಗುವಷ್ಟು ಹತ್ತಿರಕ್ಕೆ, ಆದರೆ ಮೈಗೆ ತಾಗದ ಹಾಗೆ, ಭತ್ತದ ಸಸಿಯ ಕಟ್ಟು ಎಸೆದು ಅಭ್ಯಾಸವಾದ ಕೈ ಅದು. "ಮೊಣಕಾಲಿಗಿಂತ ಮೇಲೆ, ಕಂಕುಳಿಗಿಂತ ಕೆಳಗೆ, ಹಲಗೆಯ ಮೇಲೆ ಹಾದು ಹೋಗಬೇಕು" ಎಂದೆ. "ಅಷ್ಟೇಯಾ?" ಎಂದಳು. ಎಸೆದಳು. ಹೋಯಿತು.

ಮಾತು ಕಡಮೆ ಅವಳದ್ದು. ತಂಡ ಗೆದ್ದರೆ ರಾಜ್ಯಮಟ್ಟದ ಆಟಕ್ಕೆ ಮೈಸೂರಿಗೆ ಹೋಗಬೇಕು, ಹುಬ್ಬಳ್ಳಿಯಿಂದ ರೈಲು ಎಂದು ನಾನು ತರಗತಿಯಲ್ಲಿ ಹೇಳಿದ ದಿನ ಮಾತ್ರ, ಎಲ್ಲರೂ ಹೋದ ಮೇಲೆ, ಗ್ಲೌಸು ಎಣಿಸುವ ನೆಪದಲ್ಲಿ ಉಳಿದಳು.

"ಮಾಸ್ತರೇ, ರೈಲಿಗೆ ಹತ್ತೂಕೆ ಎಷ್ಟು ಮೆಟ್ಲು ಇರ್ತದೆ?"

ನನಗೆ ಗೊತ್ತಿರಲಿಲ್ಲ. ನಾನು ಮೂರು ಸಲ ರೈಲು ಹತ್ತಿದ್ದೆ, ಮೆಟ್ಟಿಲು ಎಣಿಸಿರಲಿಲ್ಲ. "ಹೋದಾಗ ನೀನೇ ಎಣಿಸು" ಎಂದೆ. ಅವಳು ತಲೆಯಾಡಿಸಿದಳು. ಅಂದಿನಿಂದ ಅವಳ ಚೆಂಡಿನ ವೇಗ ಇನ್ನಷ್ಟು ಜಾಸ್ತಿಯಾಯಿತು. ಹಿಡಿಯುವವಳ ಅಂಗೈ ಊದಿಕೊಂಡದ್ದರಿಂದ ಗ್ಲೌಸಿನೊಳಗೆ ಹಳೆಯ ಕಂಬಳಿಯ ತುಂಡು ತುಂಬಿಸಿದೆವು.

ನಮ್ಮ ಭಾಗದಲ್ಲಿ ಈ ಪೆಟ್ಟಿಗೆ ಬಂದ ಶಾಲೆ ಎರಡೇ. ಇನ್ನೊಂದು ಯಲ್ಲಾಪುರದ್ದು. ಯಾರು ಮೈಸೂರಿಗೆ ಹೋಗಬೇಕೆನ್ನುವುದು ಸಿರಸಿಯ ಒಂದು ಮೈದಾನದಲ್ಲಿ ತೀರ್ಮಾನವಾಗಬೇಕಿತ್ತು. ಅಂಪೈರು ಯಾರು? ಪುಸ್ತಕ ಪೂರ್ತಿ ಓದಿದವನು ಸುತ್ತ ಮೂರು ತಾಲೂಕಿನಲ್ಲಿ ನಾನೊಬ್ಬನೇ. ನಾನು ಸಿದ್ದಾಪುರದವನಲ್ಲವೆ ಎಂದರೆ, ಯಲ್ಲಾಪುರದ ಮಾಸ್ತರರು ನಕ್ಕರು. "ನಂದೊಳ್ಳಿಯ ಅಳಿಯ ಅಂದ್ರೆ ನಮ್ಮ ತಾಲೂಕಿನ ಅಳಿಯ. ನಮಗೆ ನಂಬಿಕೆ ಇದೆ." ನನ್ನ ಹೆಂಡತಿ ಸಾವಿತ್ರಿಯ ತವರು ನಂದೊಳ್ಳಿ. ಅವಳ ತಂಗಿ ಕಮಲಿ ಯಲ್ಲಾಪುರದ ತಂಡದಲ್ಲಿ ಎಲ್ಲರಿಗಿಂತ ಜೋರಾಗಿ ಓಡುವವಳು. ಹೀಗೆ ಎರಡೂ ಕಡೆಯವರು ನನ್ನನ್ನು ನಂಬಿದರು. ಒಂದು ಕಡೆಗೆ ಮಾಸ್ತರ, ಇನ್ನೊಂದು ಕಡೆಗೆ ಭಾವ. ಎರಡು ಕಡೆಯ ನಂಬಿಕೆ ಹೊತ್ತವನ ಪಾಡು ಹೊತ್ತವನಿಗೇ ಗೊತ್ತು.

ಆಟದ ದಿನ ಬೆಳಿಗ್ಗೆ ಕಮಲಿ ಬಸ್ಸಿಳಿದು ನೆಟ್ಟಗೆ ನನ್ನ ಹತ್ತಿರ ಬಂದಳು.

"ಭಾವಾ, ಎನ್ನ ಔಟ್ ಮಾಡಿರೆ ಈ ಸಲ ಹಬ್ಬಕ್ಕೆ ನಿಂಗಕ್ಕೆ ಹೋಳಿಗೆ ಇಲ್ಲೆ. ನೆನಪಿಟ್ಕಳಿ."

ಇದನ್ನು ತಮಾಷೆ ಎಂದೇ ಕೇಳಿಸಿಕೊಂಡೆ. ಆದರೂ ಮರೆಯಲಿಲ್ಲ.

ಆಟ ಚೆನ್ನಾಗಿಯೇ ಆಯಿತು. ಹುಡುಗಿಯರು ಬ್ಯಾಟನ್ನು ಎರಡು ಕೈಯಲ್ಲಿ ಹಿಡಿದು ಹೊಡೆಯುವರು, ಬ್ಯಾಟು ಬಿಟ್ಟು ಲಂಗ ಎತ್ತಿ ಹಿಡಿಯುವರು, ಆಮೇಲೆ ಓಡುವರು. ಈ ನಡುವಿನ ಕೆಲಸಕ್ಕೆ ಹಿಡಿಯುವ ಹೊತ್ತನ್ನು ಪುಸ್ತಕ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಐದನೆಯ ಸರದಿಯಲ್ಲಿ ಎರಡನೇ ಬೇಸಿನ ಕ್ಯಾನ್ವಾಸು ಚೀಲ ಹರಿದು, ಒಳಗಿದ್ದ ಹತ್ತಿ ಗಾಳಿಗೆ ಹಾರಿತು. ಆ ಮೈದಾನದ ಶಾಲೆಯ ಜವಾನ ಪಕ್ಕದ ಅಕ್ಕಿ ಗಿರಣಿಗೆ ಹೋಗಿ, ತುಂಬಿ ಹೊಲಿದ ಒಂದು ಸಣ್ಣ ಗೋಣಿಚೀಲ ತಂದು ಆ ಜಾಗಕ್ಕೆ ಇಟ್ಟ. ಒಳಗೆ ಹೊಟ್ಟು ಇರಬೇಕು ಎಂದುಕೊಂಡೆವು. ಯಾರೂ ಬಿಚ್ಚಿ ನೋಡಲಿಲ್ಲ.

ಏಳನೆಯ ಸರದಿ. ಎರಡೂ ಕಡೆ ಆರಾರು ಓಟ. ಕೊನೆಯ ಬ್ಯಾಟಿಂಗು ಯಲ್ಲಾಪುರದ್ದು. ಇಬ್ಬರು ಔಟಾಗಿದ್ದರು, ಕಮಲಿ ಮೊದಲನೇ ಬೇಸಿನ ಮೇಲೆ ನಿಂತಿದ್ದಳು. ಗಂಗೆ ಎಸೆದಳು. ಬ್ಯಾಟು ಹಿಡಿದವಳು ಕಣ್ಣು ಮುಚ್ಚಿಕೊಂಡು ಹೊಡೆದಳು. ಅದನ್ನು ನಾನು ನೋಡಿದೆ. ಚೆಂಡು ದೂರದ ಬೇಲಿಯ ತನಕ ಹೋಯಿತು. ಕಮಲಿ ಲಂಗ ಎತ್ತಿ ಹಿಡಿದು ಓಡಿದಳು. ಓಡಿ ಎರಡನೇ ಬೇಸಿನ ಹತ್ತಿರ ಬಂದಳು.

ಅಷ್ಟು ಹೊತ್ತಿಗೆ ಎರಡು ಸರದಿಯ ತುಳಿತಕ್ಕೆ ಆ ಗೋಣಿಯ ಹೊಲಿಗೆ ಬಿಟ್ಟಿತ್ತು. ಬಾಯಿಂದ ಒಂದು ಬೊಗಸೆಯಷ್ಟು ಹೊರಗೆ ಚೆಲ್ಲಿತ್ತು. ಅದು ಹೊಟ್ಟಲ್ಲ, ಭತ್ತ. ಬಿಸಿಲಿಗೆ ಬಂಗಾರದ ಬಣ್ಣದಲ್ಲಿ ಹೊಳೆಯುತ್ತಿತ್ತು. ಕಮಲಿ ಅದನ್ನು ನೋಡಿದಳು. ಇಳಿಯಬೇಕಾದ ಕಾಲು ಇಳಿಯಲಿಲ್ಲ. ಹೊಸ್ತಿಲು ದಾಟುವ ಹಾಗೆ ಚೀಲದ ಮೇಲಿಂದ ಹಾರಿ, ಆಚೆ ಬಿದ್ದು, ಮೂರನೇ ಬೇಸು ಮುಟ್ಟಿ, ಮನೆಗೆ ಬಂದು, ಈ ಹಲಗೆಯ ಮೇಲೆ ಎರಡೂ ಕಾಲಿಟ್ಟು ನಿಂತಳು.

ಅವಳನ್ನು ನಾನು ಬೈಯಲಾರೆ. ನಾನೇ ಓಡಿದ್ದರೂ ನನ್ನ ಕಾಲೂ ಮೇಲೇ ಉಳಿಯುತ್ತಿತ್ತು. ಕಾಳಿನ ಮೇಲೆ ಕಾಲಿಡಬಾರದು ಎಂದು ನಮಗೆ ನಡೆಯಲು ಬರುವ ಮೊದಲೇ ಹೇಳಿರುತ್ತಾರೆ. ಆ ಪುಸ್ತಕ ಬರೆದವರಿಗೆ ಅಂಥ ಅಜ್ಜಿ ಇರಲಿಲ್ಲ. ಅವರ ಪ್ರಕಾರ ಕಮಲಿ ಎರಡನೇ ಬೇಸು ಮುಟ್ಟಿಲ್ಲ. ಕೇಳಿದರೆ ಔಟು, ಓಟ ರದ್ದು, ಸಮ, ಎಂಟನೆಯ ಸರದಿ. ಕೇಳದಿದ್ದರೆ ಯಲ್ಲಾಪುರ ಗೆದ್ದಿತು.

ಯಲ್ಲಾಪುರದವರು ಕುಣಿಯುತ್ತಿದ್ದರು. ನಮ್ಮ ಒಂಬತ್ತು ಹುಡುಗಿಯರು ಎರಡನೆಯ ನಿಯಮದ ಪ್ರಕಾರ ಜಾಗ ಬಿಡದೆ ನಿಂತಿದ್ದರು. ಚೆಂಡು ತಿರುಗಿ ಗಂಗೆಯ ಕೈಗೆ ಬಂದಿತ್ತು. ಅಪೀಲಿಗೆ ಬೇಕಾದದ್ದೆಲ್ಲ ಮೈದಾನದಲ್ಲಿ ತಯಾರಿತ್ತು, ಪ್ರಶ್ನೆಯೊಂದನ್ನು ಬಿಟ್ಟು. ಆ ಪ್ರಶ್ನೆಯನ್ನು ನಾನೇ ನೋಟ್‌ಬುಕ್ಕಿನಿಂದ ತೆಗೆದುಹಾಕಿದ್ದೆ.

ನಾನು ಕಿಸೆಯಿಂದ ಕರವಸ್ತ್ರ ತೆಗೆದು, ಮೊಣಕಾಲೂರಿ ಕೂತು, ಈ ಹಲಗೆಯನ್ನು ಒರೆಸತೊಡಗಿದೆ. ಅಂಪೈರಿಗೆ ಆ ಕೆಲಸ ಉಂಟು. ಐದು ಮೂಲೆಯನ್ನೂ ಒಂದೊಂದಾಗಿ ಒರೆಸಿದೆ. ತಲೆಯೆತ್ತಿ ಗಂಗೆಯನ್ನು ನೋಡಿದೆ, ಎರಡನೇ ಬೇಸನ್ನು ನೋಡಿದೆ, ಮತ್ತೆ ಗಂಗೆಯನ್ನು ನೋಡಿದೆ. ಅವಳು ಬೇಸನ್ನು ನೋಡಿದಳು, ನನ್ನನ್ನು ನೋಡಿದಳು. ಕೇಳು ಮಾರಾಯ್ತಿ ಎಂದು ಮನಸ್ಸಿನಲ್ಲೇ ಕೂಗಿದೆ. ಮತ್ತೆ ಐದು ಮೂಲೆ ಒರೆಸಿದೆ. ಬೂಟಿನ ದಾರ ಬಿಚ್ಚಿ ಕಟ್ಟಿದೆ. ಮತ್ತೊಂದರದ್ದೂ ಬಿಚ್ಚಿ ಕಟ್ಟಿದೆ.

"ಎಂತ ಮಾಸ್ತರೇ, ಇನ್ನೆಂತಾದ್ರೂ ಬಾಕಿ ಇದ್ಯಾ?" ಎಂದರು ಯಲ್ಲಾಪುರದ ಮಾಸ್ತರರು. ದನಿಯಲ್ಲಿ ಯಾವ ಸಂಶಯವೂ ಇರಲಿಲ್ಲ.

"ಇಲ್ಲ" ಎಂದೆ. ಆಟ ಮುಗಿಯಿತು ಎಂದೆ.

ನಾನಾಗಿಯೇ ಹೇಳಿಬಿಡಬಹುದಿತ್ತು. ನಿಯಮ ಹಾಗಿಲ್ಲ ಎಂದು ಹೇಳುವವರು ಆ ಮೈದಾನದಲ್ಲಿ ಯಾರೂ ಇರಲಿಲ್ಲ. ಯಾಕೆ ಹೇಳಲಿಲ್ಲ? ಪುಸ್ತಕ ಬೇಡವೆನ್ನುತ್ತದೆ, ಇದು ಒಂದನೆಯ ಕಾರಣ. ಸಿದ್ದಾಪುರದ ಮಾಸ್ತರ ಯಲ್ಲಾಪುರದ ಓಟ ಕಿತ್ತುಕೊಂಡ ಎಂದು ಮೂರು ತಾಲೂಕಿನಲ್ಲಿ ಮಾತಾಗುತ್ತದೆ, ಇದು ಎರಡನೆಯದು. ಕೇಳಿದವರಿಗೆ ಈ ಎರಡನ್ನೇ ಹೇಳುತ್ತ ಬಂದಿದ್ದೇನೆ. ಮೂರನೆಯದು ಹೋಳಿಗೆ. ಹೋಳಿಗೆಯ ಆಸೆಯಲ್ಲ; ಮಾವನ ಮನೆಯ ಚಾವಡಿಯಲ್ಲಿ ಕೂತು, ಕಮಲಿಯ ರೈಲು ತಪ್ಪಿಸಿದವನಾಗಿ ಎಲೆಗೆ ಕೈ ಹಾಕುವ ಧೈರ್ಯ ನನಗಿರಲಿಲ್ಲ. ಗಂಗೆಯ ಮನೆಯಲ್ಲಿ ನಾನು ಊಟಕ್ಕೆ ಕೂರಬೇಕಾದ ಪ್ರಸಂಗವಿರಲಿಲ್ಲ. ಇಷ್ಟೇ ವ್ಯತ್ಯಾಸ. ಹೇಳುವುದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಸಿದ್ದಾಪುರಕ್ಕೆ ತಿರುಗಿ ಬರುವಾಗ ಬಸ್ಸಿನಲ್ಲಿ ಗಂಗೆ ನನ್ನ ಹಿಂದಿನ ಸೀಟಿನಲ್ಲಿ ಕೂತಿದ್ದಳು. "ಹುಬ್ಬಳ್ಳಿ ಇಲ್ಲಿಂದ ಎಷ್ಟು ದೂರ ಮಾಸ್ತರೇ?" ಎಂದು ಕೇಳಿದಳು. ಹೇಳಿದೆ. "ದೂರವೇ ಆಯ್ತು ಬಿಡಿ" ಎಂದು ಕಿಟಕಿಯ ಕಡೆ ತಿರುಗಿದಳು.

ಯಲ್ಲಾಪುರದವರು ಮೈಸೂರಿಗೆ ಹೋಗಿ ಮೊದಲನೆಯ ಆಟದಲ್ಲೇ ಸೋತು ಬಂದರು. ಹಬ್ಬಕ್ಕೆ ಹೋದಾಗ ಹೋಳಿಗೆ ಸಿಕ್ಕಿತು. ಬಡಿಸಿದವಳು ಕಮಲಿಯೇ. ರೈಲು ಹೇಗಿತ್ತು ಎಂದು ಕೇಳಿದೆ.

"ಆನು ಒರಗಿಬಿಟ್ಟಿದ್ದಿ ಭಾವಾ. ಎಂತದೂ ಗೊತ್ತಾಜಿಲ್ಲೆ." ದಾರಿಯುದ್ದಕ್ಕೂ ನಿದ್ದೆಯಂತೆ.

"ಹತ್ತುವಾಗ ಎಷ್ಟು ಮೆಟ್ಟಿಲಿತ್ತು?"

"ಮೆಟ್ಲಾ?" ಅವಳು ನಕ್ಕಳು. "ಅದನ್ನ ಯಾರು ಎಣಸ್ತ? ಎಣಿಸಿದ್ನಿಲ್ಲೆ." ಇನ್ನೊಂದು ಹೋಳಿಗೆ ಹಾಕಿದಳು. ತುಪ್ಪ ಜಾಸ್ತಿಯೇ ಇತ್ತು.

ಆಮೇಲಿನದನ್ನು ಬೇಗ ಹೇಳುತ್ತೇನೆ. ಬ್ಯಾಟಿಗೆ ಗೆದ್ದಲು ಹಿಡಿಯಿತು, ಚೆಂಡುಗಳು ಬೇಲಿಯಾಚೆ ಹೋದವು, ಗ್ಲೌಸನ್ನು ಇಲಿ ತಿಂದಿತು. ನಾನು ನಿವೃತ್ತನಾದಾಗ ಶಾಲೆಯ ಅಟ್ಟದ ಗುಜರಿಯಲ್ಲಿ ಉಳಿದದ್ದು ಈ ರಬ್ಬರ್ ಹಲಗೆ ಒಂದೇ. ಕೇಳಿ ತಂದುಕೊಂಡೆ. ಸಾವಿತ್ರಿ ನೋಡಿ, "ಇದೆಂತಕ್ಕೆ ನಿಂಗಕ್ಕೆ?" ಎಂದಳು. ನಾನು ಕಾರಣ ಹುಡುಕುತ್ತಿದ್ದಾಗಲೇ ಎತ್ತಿಕೊಂಡು ಹೋಗಿ ಗ್ರೈಂಡರಿನ ಅಡಿಗೆ ತಳ್ಳಿದಳು. ಗಂಗೆ ತರಬೇತಿ ಮುಗಿಸಿ ಪ್ರಾಥಮಿಕ ಶಾಲೆಗೆ ಅಕ್ಕೋರಾದಳು. ಸಿದ್ದಾಪುರದ ಸುತ್ತಲಿನ ಹಳ್ಳಿಗಳಲ್ಲೇ ಅವಳ ನೌಕರಿ. ಒಮ್ಮೆ, ಆಟ ಮುಗಿದು ಹತ್ತು ಹನ್ನೆರಡು ವರ್ಷವಾದ ಮೇಲೆ, ನನಗೊಂದು ಕಾರ್ಡು ಬಂತು. ಯಾವುದೋ ತರಬೇತಿಗೆ ದೂರ ಹೋಗಿದ್ದಳಂತೆ. ಕ್ಷೇಮ ಸಮಾಚಾರ ಎರಡು ಸಾಲು. ಮೂರನೆಯ ಸಾಲು: "ಮೂರು ಮೆಟ್ಟಿಲು, ಮಾಸ್ತರೇ." ಕಾರ್ಡನ್ನು ನಿಯಮಗಳ ಪುಸ್ತಕದೊಳಗೆ ಇಟ್ಟೆ. ಉತ್ತರ ಬರೆಯಲಿಲ್ಲ.

ಅವಳೂ ನಿವೃತ್ತಳಾದ ವರ್ಷ, ಪಿಂಚಣಿಯ ಕಾಗದಕ್ಕೆ ಪೇಟೆಗೆ ಬಂದವಳು ನಮ್ಮ ಮನೆಗೂ ಬಂದಳು. ಕನ್ನಡಕ ಬಂದಿತ್ತು, ಕೂದಲು ನರೆತಿತ್ತು. ಸಂಕೋಚದಿಂದ ಜಗುಲಿಯಲ್ಲೇ ಕೂರುತ್ತೇನೆ ಎಂದಳು. ಸಾವಿತ್ರಿ ಬಿಡದೆ ಅಡುಗೆಮನೆಗೇ ಕರೆದು ಮಣೆ ಹಾಕಿ ಚಹಾ ಕೊಟ್ಟಳು. ತಾನು ನೆನೆಹಾಕಿದ ಉದ್ದು ತರಲು ಒಳಕೋಣೆಗೆ ಹೋದಳು. ಗಂಗೆಯ ಕಣ್ಣು ಗ್ರೈಂಡರಿನ ಅಡಿಗೆ ಹೋಯಿತು.

"ಇದು ಅದೇ ಅಲ್ದಾ ಮಾಸ್ತರೇ?"

"ಅದೇ."

ಅವಳು ಚಹಾ ಒಂದು ಗುಟುಕು ಕುಡಿದಳು. ಆಮೇಲೆ, ಹವಾ ಹೇಗಿದೆ ಎಂದು ಹೇಳುವ ದನಿಯಲ್ಲಿ ಹೇಳಿದಳು: "ಅವತ್ತು ನಿಮ್ಮ ನಾದಿನಿ ಎರಡ್ನೇ ಬೇಸು ಮುಟ್ಟಿರ್ಲಿಲ್ಲ. ನಾ ನೋಡಿದ್ದೆ."

ನನ್ನ ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಇಷ್ಟು ವರ್ಷ ನಾನು ನನಗೆ ಹೇಳಿಕೊಂಡು ಬಂದ ಸಮಾಧಾನ ಒಂದೇ ಇತ್ತು: ಅವಳು ನೋಡಿರಲಿಲ್ಲ, ಅವಳಿಗೆ ಗೊತ್ತೇ ಆಗಲಿಲ್ಲ.

"ಭತ್ತ ಅಂತ ಬಿಟ್ಟೆಯಾ?" ಎಂದೆ. "ಕಾಳು ತುಳಿಯಬಾರದು ಅಂತ ಹಾರಿದಳು ಅವಳು."

"ಭತ್ತದ ಮಾತು ಬೇರೆ. ಚೀಲದ ಬದಿಗೆ ಕಾಲಿನ ಬೆರಳು ತಾಗಿಸಿದ್ರೆ ಆಗ್ತಿತ್ತು. ನಾ ಗದ್ದೆ ಮನೆಯವಳು, ನಂಗೆ ಗೊತ್ತಿಲ್ವಾ? ನೀವು ಅಷ್ಟು ಹೊತ್ತು ಇದನ್ನ ಒರೆಸ್ತಾ ಇದ್ರಲ್ಲ, ಆಗ ಬಾಯಿಗೇ ಬಂದಿತ್ತು."

"ಮತ್ತೆ ಯಾಕೆ ಕೇಳಲಿಲ್ಲ ಗಂಗೇ?"

ಅವಳಿಗೆ ನನ್ನ ಪ್ರಶ್ನೆ ಆಶ್ಚರ್ಯವೆನಿಸಿರಬೇಕು. ಪಾಠ ಒಪ್ಪಿಸುವ ಹಾಗೆ, ಒಂದಕ್ಷರ ಬಿಡದೆ ಹೇಳಿದಳು. "ಒಂದನೆಯ ನಿಯಮ. ಅಂಪೈರರು ಹೇಳಿದ್ದೇ ಕೊನೆ, ಅವರನ್ನು ಏನನ್ನೂ ಕೇಳಬಾರದು. ನೀವೇ ಬರೆಸಿದ್ರಲ್ಲ ಮಾಸ್ತರೇ."

ವಾದಕ್ಕೆ ಕೂತರೆ ಸೋಲದ ಊರಿನವನು ನಾನು. ಅವತ್ತು ವಾದಕ್ಕೆ ಕೂರಲಿಲ್ಲ. ಎದ್ದು ಹೋಗಿ ಕಪಾಟಿನಿಂದ ಪುಸ್ತಕ ತಂದೆ. ಕಾರ್ಡು ಆ ಪುಟದಲ್ಲೇ ಇತ್ತು. ಅಪೀಲಿನ ನಿಯಮವನ್ನು ಕನ್ನಡದಲ್ಲಿ ಓದಿ ಹೇಳಿದೆ, ಬಿಟ್ಟ ಪಾಠ ಮುಗಿಸುವ ಹಾಗೆ.

"ಇದನ್ನು ನಾನು ನಿಮಗೆ ಹೇಳದೆ ಬಿಟ್ಟೆ" ಎಂದೆ. "ತಪ್ಪು ನನ್ನದು. ಈಗ ಕೇಳು."

"ಈಗೆಂತ ಕೇಳೂದು ಬಿಡಿ."

"ಕೇಳು."

ಅವಳು ಚಹಾ ಲೋಟ ಬದಿಗಿಟ್ಟಳು. ತರಗತಿಯಲ್ಲಿ ಏಳುವ ಹಾಗೆ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು.

"ಮಾಸ್ತರೇ, ಅವ್ಳು ಎರಡ್ನೇ ಬೇಸು ಮುಟ್ಲಿಲ್ಲ. ಔಟೋ, ಅಲ್ವೋ?"

ನಾನು ಹೆಬ್ಬೆರಳು ಎತ್ತಿದೆ. "ಔಟ್!" ದನಿ ಸ್ವಲ್ಪ ಜೋರಾಗಿಯೇ ಬಂತು.

ಉದ್ದಿನ ಪಾತ್ರೆ ಹಿಡಿದು ಬಂದ ಸಾವಿತ್ರಿ ಬಾಗಿಲಲ್ಲೇ ನಿಂತಳು. "ಯಾರು ಔಟು?"

"ಕಮಲಿ. ನಿನ್ನ ತಂಗಿ."

ಅವಳು ನನ್ನನ್ನು ನೋಡಿದಳು, ನಿಂತಿದ್ದ ಗಂಗೆಯನ್ನು ನೋಡಿದಳು, ನನ್ನ ಎತ್ತಿದ ಹೆಬ್ಬೆರಳನ್ನು ನೋಡಿದಳು.

"ಈಗನಾ?" ಎಂದಳು.

ಗಂಗೆ ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. ಒರೆಸುವುದಕ್ಕೆ ಸ್ವಲ್ಪ ಹೊತ್ತು ತೆಗೆದುಕೊಂಡಳು. ನಾನೂ ಅವಸರ ಮಾಡಲಿಲ್ಲ. ಕನ್ನಡಕ ಹಾಕಿಕೊಂಡು, ಮಣೆಯ ಮೇಲೆ ಕೂತು, ತಣ್ಣಗಾದ ಚಹಾ ಎತ್ತಿಕೊಂಡಳು.

"ಹಂಗಾರೆ ಆರು ಆರು ಸಮ ಆಯ್ತು" ಎಂದಳು. "ಎಂಟನೇ ಸರದಿಗೆ ಬ್ಯಾಟು ನಮ್ದು ಮಾಸ್ತರೇ."